*ಇಂದಿನ ಧಮ್ಮ ಚಿಂತನೆ: ಮನೆಯಿಲ್ಲದವರ ಕಥೆಯನ್ನು ಅವರ ಬಾಯಿಂದಲೇ ಕೇಳೋಣ*




ಮೊನ್ನೆ ನಮ್ಮ ಗುಂಪಿನಲ್ಲಿ ಒಂದು ಫೋಟೊ ಬಂದಿತ್ತು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೌದಿ ಹೊದ್ದು ಮಲಗಿದ ಒಂದು ಕುಟುಂಬ. ಕೆಳಗೆ ಒಂದು ಸಾಲು: ‘ದುಡಿಯಾಕ ಮೈಗಳ್ಳರು, ಇದೇ ಇವರ ಮನಿ.’ ಕೆಲವರು ಹೆಬ್ಬೆರಳು ಒತ್ತಿದ್ದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದು ಸರಿಯಲ್ಲ ಅನಿಸಿ ಇಂದು ಬರೆಯುತ್ತಿದ್ದೇನೆ. ಬರೆದವರ ಮೇಲೆ ಸಿಟ್ಟಿಲ್ಲ. ಅಂಥದೇ ತಪ್ಪನ್ನು ನಾನೂ ಮಾಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಗೆ ‘ನಮ್ಮ ಮನೆ’ ಎಂಬ ಪ್ರಬಂಧ ಬರೆಯಲು ಹೇಳಿದ್ದೆ. ಒಬ್ಬ ಹುಡುಗ ಖಾಲಿ ಹಾಳೆ ಕೊಟ್ಟ. ಅದರ ಮೇಲೆ ಕೆಂಪು ಶಾಯಿಯಲ್ಲಿ ‘ಸೋಮಾರಿ’ ಎಂದು ಬರೆದೆ. ಬಿಸಿಯೂಟದ ಹೊತ್ತಿಗೆ ಅವನೇ ಹತ್ತಿರ ಬಂದ. ‘ಅಕ್ಕೋರ, ಯಾವ ಮನಿ ಬಗ್ಗೆ ಬರೀಬೇಕ್ರಿ?’ ಎಂದ.

ಮಲಪ್ರಭೆಯ ದಂಡೆಯ ಊರಿನ ಹುಡುಗ. 2019ರ ಆಗಸ್ಟ್ ನೆರೆಯಲ್ಲಿ ಅವರ ಮಣ್ಣಿನ ಗೋಡೆ ಬಿದ್ದಿತ್ತು. ಕೆಲವು ತಿಂಗಳು ತಗಡಿನ ಶೆಡ್ಡಿನಲ್ಲಿದ್ದರು. ಆಮೇಲೆ ಅಪ್ಪ, ಅವ್ವ ಮಂಗಳೂರಿನ ಕಡೆ ಗುಳೆ ಹೋದರು. ಇವನು ಸೋದರಮಾವನ ಮನೆಯಲ್ಲಿ ಉಳಿದ. ‘ಅವ್ವ ದೊಡ್ಡ ದೊಡ್ಡ ಮನಿ ಕಟ್ಟೂ ಕೆಲಸಕ್ಕ ಹೋಗ್ಯಾಳ್ರಿ. ಕಟ್ಟೂತನಕ ಅದರಾಗ ಮಲಗ್ತಾರ. ಮುಗಿದ ಮ್ಯಾಲ ಎಬ್ಬಸ್ತಾರ್ರಿ’ ಎಂದ. ನಾನು ಸೋಮಾರಿ ಎಂದದ್ದು ಆ ತಾಯಿಯ ಮಗನನ್ನು. ಅವನ ಹಾಳೆಯ ಮೇಲೆ ನಾನು ಬರೆದದ್ದು ಸುಳ್ಳು. ಅವನ ಮುಂದೆಯೇ ಅದನ್ನು ಹೊಡೆದು ಹಾಕಿದೆ, ತಪ್ಪಾಯಿತು ಎಂದೆ.

*ಬಾಬಾಸಾಹೇಬರ ಒಂದು ಸಂಜೆ*

1917. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಬಾಬಾಸಾಹೇಬರು ಬರೋಡಾ ಸಂಸ್ಥಾನದ ನೌಕರಿಗೆ ಹೋದರು. ಅಸ್ಪೃಶ್ಯರೆಂದು ತಿಳಿದರೆ ಯಾರೂ ಜಾಗ ಕೊಡುವಂತಿರಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ಹತ್ತು ಹನ್ನೆರಡು ಜನ ಬಡಿಗೆ ಹಿಡಿದು ಬಂದು, ಸಂಜೆಯೊಳಗೆ ಖಾಲಿ ಮಾಡು ಎಂದರು. ಒಂದು ವಾರ ಸಮಯ ಕೇಳಿದರೂ ಕೊಡಲಿಲ್ಲ. ಇಬ್ಬರು ಗೆಳೆಯರನ್ನು ಕೇಳಿದರು, ಒಬ್ಬ ಹಿಂದೂ, ಒಬ್ಬ ಕ್ರೈಸ್ತ. ಇಬ್ಬರಿಂದಲೂ ಜಾಗ ಸಿಗಲಿಲ್ಲ. ಕೊನೆಗೆ ಮುಂಬಯಿಯ ರಾತ್ರಿ ರೈಲಿನ ಹೊತ್ತಾಗುವವರೆಗೆ ಕಮಾಟಿ ಬಾಗ್ ಎಂಬ ಸಾರ್ವಜನಿಕ ತೋಟದಲ್ಲಿ ಕುಳಿತರು.

ಅಂದು ಆ ತೋಟದಲ್ಲಿ ಓಡಾಡಿದವರು ಅವರನ್ನು ನೋಡಿ ಏನೆಂದುಕೊಂಡಿರಬಹುದು? ಅವರ ಓದು ಯಾರಿಗೂ ಕಂಡಿರಲಿಕ್ಕಿಲ್ಲ. ಇಂದು ನಮ್ಮ ಮನೆಗಳ ಗೋಡೆಯ ಮೇಲೆ ಕೋಟು ತೊಟ್ಟು, ಪುಸ್ತಕ ಹಿಡಿದು ನಿಂತವರು ಅವರೇ.

ಈ ಘಟನೆಯನ್ನು ಅವರು ‘ವೇಟಿಂಗ್ ಫಾರ್ ಎ ವೀಸಾ’ ಬರಹದಲ್ಲಿ ತಾವೇ ಹೇಳಿದ್ದಾರೆ. 18 ವರ್ಷ ಕಳೆದರೂ ನೆನೆದಾಗಲೆಲ್ಲ ಕಣ್ಣು ತುಂಬುತ್ತದೆ ಎಂದಿದ್ದಾರೆ. ಅಸ್ಪೃಶ್ಯತೆ ಎಂದರೇನು ಎಂದು ಹೊರಗಿನವರಿಗೆ ತಿಳಿಸಲು, ಸಾಮಾನ್ಯ ವಿವರಣೆಗಿಂತ ನಡೆದ ಘಟನೆಗಳನ್ನು ಹೇಳುವುದೇ ಪರಿಣಾಮಕಾರಿ ಎಂದು ಅವರು ತೀರ್ಮಾನಿಸಿದ್ದರು. ಲೆಕ್ಕ ಬೇಕು. 2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ಜನರನ್ನು ಮನೆಯಿಲ್ಲದವರೆಂದು ಎಣಿಸಿತು. ಆದರೆ ಮನಸ್ಸಿನ ಪೂರ್ವಗ್ರಹ ಒಡೆಯಲು ಒಬ್ಬರ ಬಾಯಿಂದ ಬಂದ ಕಥೆ ಬೇಕಾಗುತ್ತದೆ.

*ಪಟಾಚಾರಾ*

ಥೇರಿ ಪಟಾಚಾರಾಳ ಕಥೆ ನಮಗೆಲ್ಲ ಗೊತ್ತು. ಗಂಡ ಹಾವು ಕಚ್ಚಿ ಸತ್ತ. ಒಂದು ಕೂಸನ್ನು ಗಿಡುಗ ಒಯ್ದಿತು, ಇನ್ನೊಂದನ್ನು ತುಂಬಿದ ಹೊಳೆ ಒಯ್ದಿತು. ತವರುಮನೆ ಮಳೆಗಾಳಿಗೆ ಕುಸಿದು ತಂದೆ, ತಾಯಿ, ಅಣ್ಣ ತೀರಿಕೊಂಡರು. ಮೈಮೇಲಿನ ಬಟ್ಟೆಯ ಪರಿವೆಯೂ ಇಲ್ಲದೆ ಅಲೆಯುತ್ತಿದ್ದವಳನ್ನು ಜನ ‘ಹುಚ್ಚಿ’ ಎಂದು ಓಡಿಸಿದರು. ಜೇತವನದಲ್ಲೂ ತಡೆಯಲು ನೋಡಿದರು. ಬುದ್ಧರು, ತಡೆಯಬೇಡಿ, ಬರಲಿ ಎಂದರು. ತಂಗಿ ಎಂದು ಕರೆದರು. ಒಬ್ಬರು ತಮ್ಮ ಮೇಲ್ಹೊದಿಕೆ ಕೊಟ್ಟರು. ಆಕೆ ತನ್ನ ಕಥೆ ಹೇಳಿಕೊಂಡಳು, ಬುದ್ಧರು ಪೂರ್ತಿ ಕೇಳಿದರು. ಮುಂದೆ ವಿನಯ ಬಲ್ಲ ಭಿಕ್ಖುಣಿಯರಲ್ಲಿ ಆಕೆಯೇ ಮೊದಲಿಗಳಾದಳು. ಮಲಪ್ರಭೆಯ ನೆರೆ ಕಂಡ ನಮಗೆ, ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ನವನಗರಕ್ಕೆ ಬಂದ ನಮಗೆ, ಆಕೆಯ ದುಃಖ ದೂರದ್ದಲ್ಲ.

ಒಂದು ಎಚ್ಚರಿಕೆ. ಭಿಕ್ಖುಗಳೂ ಮನೆ ಬಿಟ್ಟವರಲ್ಲವೇ ಎಂದು ಕೆಲವರು ಹೇಳುತ್ತಾರೆ. ಭಿಕ್ಖು ತಾನೇ ಅರಿತು ಮನೆ ಬಿಟ್ಟವನು. ಬಸ್ ನಿಲ್ದಾಣದಲ್ಲಿ ಮಲಗಿದವರು ಮನೆ ಕಳೆದುಕೊಂಡವರು. ಅವರ ಕಷ್ಟಕ್ಕೆ ತ್ಯಾಗದ ಹೆಸರು ಕೊಡಬಾರದು.

*ಇಂದಿನ ಅಭ್ಯಾಸ*

1. ಗೊತ್ತಿಲ್ಲದವರನ್ನು ಮೈಗಳ್ಳ, ಕುಡುಕ, ಕಳ್ಳ ಎನ್ನುವುದು ನಾಲ್ಕನೆಯ ಶೀಲದ ಭಂಗ. ನೋಡಿದ್ದಷ್ಟೇ ಹೇಳೋಣ: ‘ಒಂದು ಕುಟುಂಬ ಮಲಗಿದೆ.’ ಉಳಿದದ್ದನ್ನು ಅವರನ್ನೇ ಕೇಳೋಣ.

2. ಮಲಗಿದವರ ಫೋಟೊ ತೆಗೆಯುವುದು ಬೇಡ. ಫೋಟೊ ಬೇಕೇ ಆದರೆ ಎದ್ದ ಮೇಲೆ ಕೇಳಿ, ಅವರು ಒಪ್ಪಿದರೆ, ಅವರಿಗೆ ಬೇಕಾದ ಹಾಗೆ ಕೂತಾಗ ತೆಗೆಯೋಣ. ಅವರು ಹೇಳಿದ ಮಾತನ್ನೇ ಕೆಳಗೆ ಬರೆಯೋಣ. ಬೇಡ ಎಂದರೆ ಬೇಡ.

3. ಇಳಕಲ್, ಹುನಗುಂದ ನಿಲ್ದಾಣಗಳಲ್ಲಿ ಗಂಟುಮೂಟೆಯೊಂದಿಗೆ ಕಾಯುವವರನ್ನು ಕಂಡರೆ ಎರಡು ಮಾತು ಆಡಿ. ಮಕ್ಕಳಿದ್ದರೆ ಶಾಲೆಯ ಬಗ್ಗೆ ವಿಚಾರಿಸಿ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಹೇಳುತ್ತದೆ. ಇದನ್ನು ಅವರಿಗೆ ತಿಳಿಸುವುದೂ ದಾನವೇ.

ಆ ಫೋಟೊವನ್ನು ಯಾರೂ ಮುಂದಕ್ಕೆ ಕಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆ ಕೌದಿಯ ಕೆಳಗೆ ಮಲಗಿದವರು ಯಾರೆಂದು ನಮಗೆ ಗೊತ್ತಿಲ್ಲ. ಸದ್ಯಕ್ಕೆ ಸತ್ಯ ಅಷ್ಟೇ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.