ಕೊಬ್ಬಿನ ಗಂಟು ಮತ್ತು ಅದರ ಚಿಕಿತ್ಸೆ

ದೇಹದ ಮೇಲೆ ಎಲ್ಲಿಯಾದರೂ ಒಂದು ಗಂಟು ತಲೆದೋರಿದರೆ ನಮ್ಮ ಜನ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ಅದು ಕ್ಯಾನ್ಸರೇ ಇರಬೇಕೆಂದು ಹೆದರಿ, ಆ ಹೆದರಿಕೆಯಿಂದಲೇ ಯಾರಿಗೂ ತೋರಿಸದೆ ಬಟ್ಟೆಯೊಳಗೆ ಮುಚ್ಚಿಡುತ್ತಾರೆ. ಮತ್ತೆ ಕೆಲವರು ಸುಣ್ಣ ಬೆಲ್ಲ ಹಚ್ಚಿಯೋ, ಬರೆ ಹಾಕಿಸಿಯೋ ಅಷ್ಟಕ್ಕೇ ಬಿಡುತ್ತಾರೆ. ಇವೆರಡನ್ನೂ ಬಿಟ್ಟು ತಿಳಿವಳಿಕೆಯ ದಾರಿ ಬೇರೊಂದಿದೆ. ಅದನ್ನು ವಾಚಕಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾನು ವೈದ್ಯಶಾಸ್ತ್ರ ಓದಿದವನಲ್ಲ, ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿ. ಆದರೆ ಶಿಡ್ಲಘಟ್ಟ ತಾಲ್ಲೂಕು ಸಾದಲಿಯ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ, ಆಸ್ಪತ್ರೆಯ ಚೀಟಿಯಿಂದ ಹಿಡಿದು ಬ್ಯಾಂಕಿನ ನೋಟೀಸಿನವರೆಗೆ ಬಂದ ಕಾಗದಗಳನ್ನೆಲ್ಲ ಓದಿ ಹೇಳುವುದು ನನ್ನ ಪಾಲಿನ ಕೆಲಸ. ನಮ್ಮ ತಂದೆಯವರ ಬಲಹೆಗಲ ಮೇಲೆ ಏಳೆಂಟು ವರ್ಷಗಳಿಂದ ನಿಂಬೆಹಣ್ಣಿನ ಗಾತ್ರದ ಗಂಟೊಂದಿದೆ. ನಾಲ್ಕನೆಯ ಜ್ವರ ಎದ್ದ ರೇಷ್ಮೆಹುಳುವಿಗೆ ಹೊತ್ತು ಹೊತ್ತಿಗೂ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ತರಬೇಕು. ಹೊರೆ ಕೂರುವುದು ಆ ಗಂಟಿನ ಮೇಲೆಯೇ. ಈಚೆಗೆ ವೈದ್ಯರು ಪರೀಕ್ಷಿಸಿ, ಚೀಟಿಯಲ್ಲಿ 'ಲೈಪೋಮ' ಎಂದು ಬರೆದುಕೊಟ್ಟರು. ತಂದೆಯವರು ನನ್ನನ್ನು ಕೇಳಿದ್ದು ಇಷ್ಟೇ: "ಇದು ಪ್ರಾಣಕ್ಕೆ ಕುತ್ತೋ, ಕೆಲಸಕ್ಕೆ ಅಡ್ಡಿಯೋ, ಅಷ್ಟು ಹೇಳಪ್ಪಾ." ಈ ವಿಷಯದ ಸಾರವೆಲ್ಲ ಆ ಒಂದು ಪ್ರಶ್ನೆಯಲ್ಲಿಯೇ ಇದೆ.

ಲೈಪೋಮ ಎಂದರೆ ಕೊಬ್ಬಿನ ಗಂಟು. ನಮ್ಮ ಕಡೆಯ ತೆಲುಗು ಮನೆಮಾತಿನವರು ಇಂಥ ಗಂಟನ್ನು 'ಕಂತಿ' ಎನ್ನುವುದುಂಟು. ಚರ್ಮಕ್ಕೂ ಸ್ನಾಯುವಿಗೂ ನಡುವೆ ಕೊಬ್ಬಿನ ಕಣಗಳು ಒಂದೆಡೆ ಸೇರಿ ಬೆಳೆದು, ಸುತ್ತಲೂ ತೆಳುವಾದ ಪೊರೆಯೊಂದನ್ನು ಕಟ್ಟಿಕೊಂಡಿರುತ್ತವೆ. ಮುಟ್ಟಿದರೆ ಮೆತ್ತಗೆ, ಕಲಸಿದ ಹಿಟ್ಟಿನ ಉಂಡೆಯಂತೆ. ಬೆರಳಿನಿಂದ ಒತ್ತಿದರೆ ಜಾರಿ ಪಕ್ಕಕ್ಕೆ ಸರಿಯುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ. ನೂರು ಜನರಲ್ಲಿ ಸುಮಾರು ಒಬ್ಬರಿಗೆ, ಅದರಲ್ಲಿಯೂ 40ರಿಂದ 60 ವರ್ಷದವರಲ್ಲಿ ಹೆಚ್ಚಾಗಿ, ಇದು ಕಾಣಬರುತ್ತದೆ. ಕೆಲವು ಮನೆತನಗಳಲ್ಲಿ ತಂದೆಗೂ ಮಕ್ಕಳಿಗೂ ಮೈಮೇಲೆ ಹಲವಾರು ಗಂಟುಗಳಿರುವುದುಂಟು. ಇದು ಅಂಟುರೋಗವಲ್ಲ, ಪಾಪದ ಫಲವೂ ಅಲ್ಲ. ಹೆಣ್ಣು ನೋಡಲು ಬಂದವರಿಂದ ಇದನ್ನು ಮರೆಮಾಚಬೇಕಾದ ಕಾರಣವೂ ಇಲ್ಲ.

ನಮ್ಮ ದೇಶದ ವೈದ್ಯರಿಗೆ ಇದು ಹೊಸದೇನಲ್ಲ. ಸುಶ್ರುತ ಸಂಹಿತೆಯಲ್ಲಿ ಮೇದಸ್ಸಿನಿಂದಾದ ಗ್ರಂಥಿಯ ವರ್ಣನೆಯಿದೆ. ದೇಹ ಬೆಳೆದಂತೆ ಅದೂ ಬೆಳೆದು, ದೇಹ ಸೊರಗಿದಂತೆ ಸೊರಗುವುದೆಂದು ಅಲ್ಲಿ ಹೇಳಿದೆ. ಆದರೆ ಲೈಪೋಮದ ವಿಷಯದಲ್ಲಿ ಇಂದಿನ ವೈದ್ಯರ ಅನುಭವ ಬೇರೆ: ಮನುಷ್ಯ ಉಪವಾಸವಿದ್ದು ಬಡಕಲಾದರೂ ಈ ಗಂಟು ಕರಗದು.

ಹಾಗಾದರೆ ಪ್ರಾಣಕ್ಕೆ ಕುತ್ತೇ? ಅಲ್ಲ. ಲೈಪೋಮ ಬೇರೆ ಅಂಗಗಳಿಗೆ ಹರಡುವುದಿಲ್ಲ. ಆದರೆ ಗಂಟುಗಳೆಲ್ಲವೂ ಲೈಪೋಮವಲ್ಲ. ನೆತ್ತಿಯಲ್ಲಿ ಕಪ್ಪು ಚುಕ್ಕಿಯಿದ್ದು, ಒತ್ತಿದರೆ ನಾರುವ ಬಿಳಿ ಲೋಳೆ ಬರುವುದು ಚರ್ಮದ ಚೀಲದ ಗಂಟು. ಕೊರಳ ಬದಿಯ ಗಂಟು ಕ್ಷಯದಿಂದ ಊದಿದ ಹಾಲುರಸದ ಗ್ರಂಥಿಯಾಗಿರಬಹುದು. ಸ್ತನದ ಗಂಟನ್ನಂತೂ ಒಂದು ದಿನವೂ ತಡಮಾಡದೆ ತೋರಿಸಬೇಕು. ಇನ್ನು ಗಂಟು 5 ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ, ಬೇಗಬೇಗನೆ ಬೆಳೆಯುತ್ತಿದ್ದರೆ, ಗಟ್ಟಿಯಾಗಿ ಅಲುಗಾಡದಿದ್ದರೆ, ಆಳದಲ್ಲಿದ್ದರೆ, ನೋಯುತ್ತಿದ್ದರೆ, ತೆಗೆಸಿದ ಮೇಲೂ ಮರಳಿ ಬಂದರೆ, ಅಪರೂಪದ ಕೊಬ್ಬಿನ ಕ್ಯಾನ್ಸರ್ ಅಲ್ಲವೆಂದು ಸ್ಕ್ಯಾನಿಂಗ್ ಮಾಡಿಸಿ, ಅಗತ್ಯವಾದರೆ ಸೂಜಿಯಿಂದ ತುಣುಕು ತೆಗೆಸಿ ಖಚಿತಪಡಿಸಿಕೊಳ್ಳಬೇಕು. ಅಂಥ ಸಂದೇಹ ಬಂದವರಿಗಾಗಿ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಿದೆ.

ಲೈಪೋಮವೆಂದು ಖಚಿತವಾಗಿ, ತೊಂದರೆಯೂ ಇಲ್ಲದಿದ್ದರೆ, ಏನೂ ಮಾಡದೆ ಆಗಾಗ ನೋಡಿಕೊಳ್ಳುತ್ತಿರುವುದೂ ಒಂದು ಚಿಕಿತ್ಸೆಯೇ. ಬೇಡವೆನಿಸಿದರೆ ತೆಗೆಸುವ ಮಾರ್ಗಗಳು ಮುಖ್ಯವಾಗಿ ಮೂರು.

ಮೊದಲನೆಯದು ಶಸ್ತ್ರಕ್ರಿಯೆ. ಗಂಟಿನ ಸುತ್ತ ಮರಗಟ್ಟಿಸುವ ಸೂಜಿಮದ್ದು ಕೊಟ್ಟು, ಚರ್ಮವನ್ನು ಸೀಳಿ, ಗಂಟನ್ನು ಪೊರೆಸಮೇತ ಬಿಡಿಸಿ ತೆಗೆದು ಹೊಲಿಗೆ ಹಾಕುತ್ತಾರೆ. ಸಣ್ಣ ಗಂಟಾದರೆ ರೋಗಿ ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಪೊರೆ ಪೂರ್ತಿ ಬಂದರೆ ಗಂಟು ಅಲ್ಲಿ ಮರಳುವುದು ಅಪರೂಪ. ಕೆಲವೆಡೆ ಚಿಕ್ಕ ಗಾಯ ಮಾಡಿ ಹಿಸುಕಿ ಹೊರತೆಗೆಯುವುದೂ ಉಂಟು, ಕಲೆ ಚಿಕ್ಕದಾಗುತ್ತದೆ. ಎರಡನೆಯದು ಕೊಳವೆಯಿಂದ ಕೊಬ್ಬನ್ನು ಹೀರುವುದು. ಇದರಲ್ಲಿಯೂ ಕಲೆ ಕಡಿಮೆ, ಆದರೆ ಪೊರೆ ಒಳಗೇ ಉಳಿಯಬಹುದಾದುದರಿಂದ ಗಂಟು ಮತ್ತೆ ಬೆಳೆಯುವ ಸಂಭವ ಹೆಚ್ಚು. ಮೂರನೆಯದು ಚುಚ್ಚುಮದ್ದು. ಸ್ಟೀರಾಯ್ಡ್ ಮದ್ದಿನಿಂದ ಗಂಟು ಕುಗ್ಗಬಹುದೇ ಹೊರತು ಪೂರ್ತಿ ಹೋಗುವುದೆಂಬ ಭರವಸೆಯಿಲ್ಲ. ಡಿಆಕ್ಸಿಕೋಲಿಕ್ ಆಮ್ಲವೆಂಬ ಕೊಬ್ಬು ಕರಗಿಸುವ ಮದ್ದಿಗೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ದೊರೆತದ್ದು ಗದ್ದದ ಕೆಳಗಿನ ಕೊಬ್ಬಿಗೆ ಮಾತ್ರ, ಗಂಟಿಗಲ್ಲ. ಆದುದರಿಂದ 'ಕತ್ತಿಯಿಲ್ಲದೆ ಕರಗಿಸುತ್ತೇವೆ' ಎಂಬ ಜಾಹೀರಾತನ್ನು ಕಂಡೊಡನೆ ಹಣ ಬಿಚ್ಚಬಾರದು.

ಶಸ್ತ್ರಕ್ರಿಯೆಯಲ್ಲಿಯೂ ತೊಡಕುಗಳಿಲ್ಲದಿಲ್ಲ. ರಕ್ತವೋ ನೀರೋ ತುಂಬಿಕೊಳ್ಳುವುದು, ಕೀವಾಗುವುದು, ಕಲೆ ದಪ್ಪಗಾಗುವುದು, ಹತ್ತಿರದ ನರಕ್ಕೆ ಪೆಟ್ಟಾಗುವುದು ಇವು ಕೆಲವರಿಗೆ ಆಗಬಹುದು. ಸಕ್ಕರೆ ಕಾಯಿಲೆಯಿದ್ದವರೂ ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರೂ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಬರೆಯ ಮಾತು ಬೇರೆ. ಅದು ಚರ್ಮವನ್ನು ಸುಡುತ್ತದೆ. ಒಳಗಿನ ಗಂಟು ಇದ್ದಂತೆಯೇ ಇರುತ್ತದೆ.

ಇನ್ನು ಕೆಲಸದ ಪ್ರಶ್ನೆ. ಅದಕ್ಕೆ ಉತ್ತರ ಗಂಟಿನಲ್ಲಿಲ್ಲ, ಗಂಟು ಹೊತ್ತವನ ಬದುಕಿನಲ್ಲಿದೆ. ಕುರ್ಚಿಯ ಮೇಲೆ ಕೂತು ಬರೆಯುವವನ ಹೆಗಲ ಗಂಟು ಅವನಿಗೆ ಮರೆತೇ ಹೋಗಬಹುದು. ಹೊರೆ ಹೊರುವವನಿಗೆ ಅದೇ ಗಂಟು ದಿನಕ್ಕೆ ಹತ್ತು ಸಲ ನೆನಪಾಗುತ್ತದೆ. ಅವನು ತೆಗೆಸಿಕೊಳ್ಳುವುದನ್ನು ಶೋಕಿ ಎನ್ನಲಾಗದು. ಆದರೆ ಹೊಲಿಗೆ ಬಿಚ್ಚಿ ಗಾಯ ಕೂಡುವವರೆಗೆ ಭಾರ ಎತ್ತುವಂತಿಲ್ಲ. ಹುಳು ಮನೆಯಲ್ಲಿರುವಾಗ ನಮ್ಮಂಥವರಿಗೆ ಅಷ್ಟು ದಿನಗಳ ಬಿಡುವು ಸಿಗದು. ಗೂಡು ಮಾರುಕಟ್ಟೆಗೆ ಹೋಗಿ ಮುಂದಿನ ಚಾಕಿ ಬರುವ ಮೊದಲು ತೆಗೆಸುವುದೆಂದು ನಮ್ಮ ತಂದೆಯವರು ನಿಶ್ಚಯಿಸಿದ್ದಾರೆ. ಆ ಬೆಳೆಯೊಂದನ್ನು ಬಿಡುವುದೋ, ರಜೆಯಲ್ಲಿ ನಾನು ಹೊರುವುದೋ ಎಂಬ ಚರ್ಚೆ ಮನೆಯಲ್ಲಿ ಇನ್ನೂ ನಡೆದಿದೆ.

ಇಂಥ ಗಂಟಿಗೆ ಮೊದಲು ಹೋಬಳಿಯ ಆರೋಗ್ಯ ಕೇಂದ್ರ, ಅನಂತರ ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆ ಅಥವಾ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೆ ಹೋಗುವುದು ಕ್ರಮ. ರೇಷನ್ ಕಾರ್ಡು, ಆಧಾರ್ ಎರಡನ್ನೂ ಒಯ್ದು, 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯವನ್ನು ಅಲ್ಲಿಯೇ ವಿಚಾರಿಸಬೇಕು. ಮನೆಯ ಹಿರಿಯರ ಜೊತೆಯಲ್ಲಿ ಹೋಗುವ ವಿದ್ಯಾರ್ಥಿಮಿತ್ರರು ವೈದ್ಯರನ್ನು ನಾಲ್ಕು ಮಾತು ಕೇಳಲಿ: ಇದು ಲೈಪೋಮವೇ ಎಂಬುದು ಖಚಿತವೇ? ತೆಗೆಸದಿದ್ದರೆ ಏನಾಗುತ್ತದೆ? ಪೊರೆಸಮೇತ ತೆಗೆಯುತ್ತೀರಾ? ತೆಗೆದ ಗಂಟನ್ನು ಪರೀಕ್ಷೆಗೆ ಕಳುಹಿಸುತ್ತೀರಾ? ಉತ್ತರಗಳನ್ನು ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿಯೇ ಬರೆದುಕೊಂಡು, ಮನೆಗೆ ಬಂದು ಎಲ್ಲರಿಗೂ ಓದಿ ಹೇಳಲಿ.