ಬಾರಾ ಅಷ್ಟು ಸಲ ಬೀಳಂಗಿಲ್ಲ

ಪ್ರಶ್ನೆ: ಅಕ್ಕಾರ, ಬಳಗಾನೂರಿನಲ್ಲಿ ಗಣಿತದ ಅತಿಥಿ ಶಿಕ್ಷಕಿಯಾಗಿದ್ದೇನೆ. ದಾನಿಯೊಬ್ಬರು ಶಾಲೆಗೆ ಆರು ಮೈಕ್ರೋಬಿಟ್ ಬೋರ್ಡ್ ಕೊಟ್ಟು ಹೋದರು. ‘ನೀವೇ ಚಿಕ್ಕವರು, ಮಕ್ಕಳಿಗೆ ಇದರಲ್ಲಿ ಗೇಮ್ ಮಾಡೋದು ಕಲಿಸಿ’ ಎಂದು ಹೆಡ್‌ಮಾಸ್ತರು ಡಬ್ಬಿಯನ್ನು ನನ್ನ ಕೈಗೆ ಇಟ್ಟರು. ನಾನು ಕಂಪ್ಯೂಟರ್ ಓದಿದವಳಲ್ಲ. ಎಂಟನೇ ತರಗತಿಯಲ್ಲಿ 34 ಮಕ್ಕಳು, ಎಲ್ಲರೂ ಕನ್ನಡ ಮಾಧ್ಯಮ. ಪಾಲಕರ ಸಭೆಯಲ್ಲಿ ಒಬ್ಬರು ಎದ್ದು, ‘ಮೊಬೈಲ್ ಗೇಮ್ ಆಡಿ ಆಡೇ ಹುಡುಗ್ರು ಹಾಳಾಗ್ಯಾವ, ಈಗ ಸಾಲ್ಯಾಗೂ ಗೇಮೇ ಕಲಸ್ತೀರೇನ್ರೀ ಟೀಚರ್?’ ಎಂದರು. ಉತ್ತರ ಹೊಳೆಯಲಿಲ್ಲ. ಡಬ್ಬಿ ಬೀರುವಿನಲ್ಲೇ ಇದೆ. ನನಗೇ ಬಾರದ್ದನ್ನು ಮಕ್ಕಳ ಮುಂದೆ ಹೇಗೆ ಕಲಿಸಲಿ?
– ಒಬ್ಬ ಶಿಕ್ಷಕಿ, ಬಳಗಾನೂರು

ಉತ್ತರ: ತಂಗಿ, ನಿನ್ನ ಪತ್ರದಲ್ಲಿ ಎರಡು ಭಯಗಳಿವೆ. ‘ನನಗೆ ಬರುವುದಿಲ್ಲ’ ಎನ್ನುವುದು ಒಂದು, ‘ಪಾಲಕರು ಏನೆನ್ನುತ್ತಾರೋ’ ಎನ್ನುವುದು ಇನ್ನೊಂದು. ಎರಡಕ್ಕೂ ಔಷಧ ನಿಮ್ಮೂರಿನ ಗುಡಿಕಟ್ಟೆಯ ಮೇಲೇ ಇದೆ. ಹೇಗೆಂದು ಹೇಳುತ್ತೇನೆ.

ಆ ಬೋರ್ಡನ್ನು ಒಮ್ಮೆ ಸರಿಯಾಗಿ ನೋಡು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಎಡಕ್ಕೆ ‘ಎ’ ಗುಂಡಿ, ಬಲಕ್ಕೆ ‘ಬಿ’ ಗುಂಡಿ. ನಡುವೆ ಐದು ಸಾಲು, ಸಾಲಿಗೆ ಐದರಂತೆ 25 ಪುಟ್ಟ ದೀಪಗಳು. ಅಲುಗಾಡಿಸಿದರೆ ಅದಕ್ಕೆ ತಿಳಿಯುತ್ತದೆ. ಬ್ರಿಟನ್ನಿನ ಬಿಬಿಸಿ ಇದನ್ನು ಮಾಡಿಸಿದ್ದೇ ಕೋಡಿಂಗ್ ಗಂಧವಿಲ್ಲದ ಮಕ್ಕಳಿಗಾಗಿ. 2016ರಲ್ಲಿ 11-12 ವರ್ಷದವರಿಗೆ ಸುಮಾರು 10 ಲಕ್ಷ ಬೋರ್ಡ್ ಪುಕ್ಕಟೆ ಹಂಚಿತು. ಕನ್ನಡ ಮಾಧ್ಯಮ ಎಂಬ ಅಳುಕೂ ಬೇಡ. 2025ರಿಂದ ಕೇರಳದ ಹತ್ತನೇ ತರಗತಿಗೆ ರೋಬೋಟಿಕ್ಸ್ ಪಾಠ ಕಡ್ಡಾಯವಾಗಿದೆ. ಕಾಸರಗೋಡಿನ ನಮ್ಮ ಮಕ್ಕಳು ಅದನ್ನು ಕನ್ನಡದ ಪುಸ್ತಕದಲ್ಲೇ ಓದುತ್ತಿದ್ದಾರೆ.

ಈಗ ಹೇಳು, ಐದೈದು ಇಪ್ಪತ್ತೈದು ಮನೆ ನೀನು ಮೊದಲು ನೋಡಿದ್ದು ಎಲ್ಲಿ? ಗುಡಿಕಟ್ಟೆಯ ಮೇಲಿನ ಚೌಕಾಬಾರದಲ್ಲಿ ಅಲ್ಲವೇ! ಹೊರಸುತ್ತಿಗೆ 16 ಮನೆ, ಒಳಸುತ್ತಿಗೆ 8, ನಡುವೆ ಹಣ್ಣಾಗುವ ಮನೆ ಒಂದು. ಆ ಆಟದ ನಿಯಮ ನಿನಗೆ ಬರುತ್ತದೆ, ಮಕ್ಕಳಿಗೂ ಬರುತ್ತದೆ. ‘ನಾಲ್ಕೂ ಕವಡಿ ಬೋರಲು ಬಿದ್ದರೆ ಬಾರಾ, ಅಂದರೆ ಎಂಟು, ಇಲ್ಲದಿದ್ದರೆ ಅಂಗಾತ ಬಿದ್ದಷ್ಟು’ ಎಂದು ಒಂಬತ್ತು ವರ್ಷದ ಹುಡುಗಿ ತಡವರಿಸದೆ ಹೇಳುತ್ತಾಳೆ. ಕೋಡ್ ಎಂದರೆ ಅದೇ ಮಾತನ್ನು ಬೋರ್ಡಿಗೆ ತಿಳಿಯುವಂತೆ ಕಂಪ್ಯೂಟರಿನಲ್ಲಿ ಬ್ಲಾಕುಗಳಾಗಿ ಜೋಡಿಸುವುದು. ‘ಬಿದ್ದರೆ’, ‘ಇಲ್ಲದಿದ್ದರೆ’, ‘ಮತ್ತೊಮ್ಮೆ ಎಸಿ’ ಎಂದೇ ಕಲಿಸು. ವೇರಿಯೇಬಲ್ ಎಂಬ ಪದ ಬಂದಾಗ ಬೀಜಗಣಿತದ ಚರಾಕ್ಷರವನ್ನು ನೆನಪಿಸು. ಅಲ್ಲಿಗೆ ನೀನು ನಿನ್ನ ವಿಷಯಕ್ಕೇ ಬಂದಂತಾಯಿತು.

ಮೊದಲ ವಾರ ಆಟ ಬೇಡ. ಪ್ರತಿ ಮಗುವೂ ತನ್ನ ಹೆಸರನ್ನು ದೀಪದಲ್ಲಿ ಓಡಿಸಲಿ. ಅಕ್ಷರ ಓಡಿಸುವ ಬ್ಲಾಕಿಗೆ ಕನ್ನಡ ಬಾರದು, ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಕೊಡಬೇಕು. ಆದರೆ ದೀಪಗಳನ್ನು ಒಂದೊಂದಾಗಿ ಹೊತ್ತಿಸಿ ಚಿತ್ರ ಬಿಡಿಸಬಹುದು. ‘25 ಚುಕ್ಕೆಯೊಳಗೆ ನಿಮ್ಮ ಹೆಸರಿನ ಮೊದಲ ಅಕ್ಷರ ಕೂರಿಸಿ’ ಎನ್ನು. ‘ರ’ದವರು ಬೇಗ ಮುಗಿಸುತ್ತಾರೆ, ‘ಕ್ಷ’ದವರು ಒದ್ದಾಡುತ್ತಾರೆ. ಆಗ ಮಸ್ಕಿಯ ಕಲ್ಲಿನ ಕತೆ ಹೇಳು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಜಗತ್ತಿಗೆ ಖಾತ್ರಿಯಾದದ್ದು 1915ರಲ್ಲಿ ನಿಮ್ಮ ತಾಲ್ಲೂಕಿನ ಬಂಡೆಯ ಮೇಲೆ ಅವನ ಹೆಸರು ಸಿಕ್ಕಿದ ಮೇಲೆ. ಹೆಸರು ಬರೆದಿಡುವುದು ಸಣ್ಣ ಕೆಲಸವಲ್ಲ.

ಎರಡನೇ ವಾರ ಕವಡಿ. ಬೋರ್ಡ್ ಅಲುಗಾಡಿಸಿದರೆ ಗರ ಬೀಳಬೇಕು. ಹೇಗೆ ಮಾಡುವುದೆಂದು ಹೇಳಿಕೊಡಬೇಡ, ಮಕ್ಕಳನ್ನೇ ಕೇಳು. ಬಹುತೇಕರು ‘1, 2, 3, 4, 8 – ಈ ಐದರಲ್ಲಿ ಯಾವುದಾದರೊಂದನ್ನು ತೋರಿಸು’ ಎಂದೇ ಜೋಡಿಸುತ್ತಾರೆ. ತಪ್ಪು ಎನ್ನಬೇಡ, ಸುಮ್ಮನಿರು. ಶನಿವಾರ ಮಧ್ಯಾಹ್ನ ಓಣಿಯ ಅಜ್ಜಿಯರನ್ನು ಕರೆಸು. ನೆಲದ ಮೇಲೆ ಸೀಮೆಸುಣ್ಣದ ಮನೆ ಬರೆ, ಕಾಯಿಗೆ ಬಳೆಚೂರು ಇಡು. ಕವಡಿಯ ಬದಲು ಬೋರ್ಡನ್ನು ಅಜ್ಜಿಯ ಕೈಗೆ ಕೊಡು. ಹತ್ತಿಪ್ಪತ್ತು ಗರ ಆಗುವಷ್ಟರಲ್ಲಿ ಆಕೆ ಬೋರ್ಡನ್ನು ತಿರುಗಿಸಿ ನೋಡಿ ಹೇಳುವುದು ಬಹುಶಃ ಇದೇ: ‘ಇದು ಮೋಸದಾಟ ಆಡ್ತೈತಿ. ಬಾರಾ ಅಷ್ಟು ಸಲ ಬೀಳಂಗಿಲ್ಲ.’

ಆಕೆಯ ಮಾತು ಲೆಕ್ಕಕ್ಕೂ ಸರಿ. ಎರಡೂ ಬದಿ ಸಮನಾಗಿ ಬೀಳುತ್ತವೆ ಎಂದುಕೊಂಡರೆ ನಾಲ್ಕು ಕವಡಿ 16 ಬಗೆಯಲ್ಲಿ ಬೀಳಬಹುದು. ಅದರಲ್ಲಿ ನಾಲ್ಕೂ ಬೋರಲಾಗುವುದು ಒಂದೇ ಬಗೆ, ನಾಲ್ಕೂ ಅಂಗಾತವಾಗುವುದೂ ಒಂದೇ. ಒಂದು ಬೀಳಲು 4, ಮೂರು ಬೀಳಲು 4, ಎರಡು ಬೀಳಲು 6 ಬಗೆ. ಅಂದರೆ 80 ಗರಕ್ಕೆ ಬಾರಾ ಸುಮಾರು 5 ಸಲ ಬಿದ್ದರೆ ಸರಿ. ಮಕ್ಕಳ ಬೋರ್ಡಿನಲ್ಲಿ ಸುಮಾರು 16 ಸಲ ಬೀಳುತ್ತಿರುತ್ತದೆ. ಈಗ ಮಕ್ಕಳು ಕೋಡ್ ತಿದ್ದಲಿ. ಸೊನ್ನೆ ಅಥವಾ ಒಂದು ಎಂಬ ಯಾದೃಚ್ಛಿಕ ಸಂಖ್ಯೆಯನ್ನು ನಾಲ್ಕು ಸಲ ತೆಗೆದು ಕೂಡಿಸಬೇಕು. ಮೊತ್ತ ಸೊನ್ನೆಯಾದರೆ 8 ತೋರಿಸಬೇಕು. ಒಂದು ಬದಿ ಉಜ್ಜಿದ ನಾಲ್ಕು ಹುಣಸೆಬೀಜ ಎಸೆದು 80 ಗರ ಬರೆದಿಟ್ಟುಕೊಳ್ಳಲಿ, ಬೋರ್ಡಿನ 80 ಗರದ ಪಕ್ಕದಲ್ಲಿಟ್ಟು ನೋಡಲಿ. ಸಂಭವನೀಯತೆಯ ಪಾಠ ಇದಕ್ಕಿಂತ ಚೆನ್ನಾಗಿ ಆಗಲಾರದು. ಕಾಯಿ ನಡೆಸುವುದು, ಹೊಡೆಯುವುದು ಮುಂದಿನ ಮಾತು. ಹೊರಸುತ್ತಿನ 16 ಮನೆಯಲ್ಲಿ ಒಂದು ದೀಪ ಸುತ್ತಿಬಂದರೆ ಈ ವರ್ಷಕ್ಕೆ ಸಾಕು.

ಕೆಲವು ಕೈಕೆಲಸದ ಮಾತು. ಬ್ಲಾಕ್ ಜೋಡಿಸುವ ಮೇಕ್‌ಕೋಡ್ ತಂತ್ರಾಂಶ ಉಚಿತ. ಅದರ ಪರದೆಯ ಮೇಲೇ ಒಂದು ಚಿತ್ರದ ಬೋರ್ಡ್ ಇರುವುದರಿಂದ ಆರು ಬೋರ್ಡ್ ಕಡಿಮೆಯಾಗದು. ನೆಟ್ ಕೈಕೊಡುವ ಕಡೆಗೆ ಅದರ ಆಫ್‌ಲೈನ್ ಆವೃತ್ತಿಯನ್ನು ಮೊದಲೇ ಹಾಕಿಸು. ಕೇಬಲ್ ಸಿಕ್ಕಿಸಿದರೆ ಬೋರ್ಡ್ ಪೆನ್‌ಡ್ರೈವಿನಂತೆ ಕಾಣುತ್ತದೆ, ಫೈಲನ್ನು ಅದರೊಳಗೆ ಹಾಕಿದರೆ ಮುಗಿಯಿತು. ಆಮೇಲೆ ಕರೆಂಟ್ ಹೋದರೂ ಎರಡು ಸಣ್ಣ ಸೆಲ್ ಮೇಲೆ ಓಡುತ್ತದೆ. ಕಬ್ಬಿಣದ ಮೇಜಿನ ಮೇಲೆ ಬರಿದೇ ಇಡಬೇಡ, ಶಾರ್ಟ್ ಆದೀತು. ಮೌಸ್ ಹಿಡಿದವರು ಮಾತಾಡಬಾರದು, ಪಕ್ಕದವರು ಹೇಳಿದಂತೆ ಮಾಡಬೇಕು, ಹತ್ತು ನಿಮಿಷಕ್ಕೆ ಅದಲು ಬದಲು. ಹೀಗೆ ಕಟ್ಟುನಿಟ್ಟು ಮಾಡದಿದ್ದರೆ ಇಬ್ಬರು ಹುಡುಗರು ಮೌಸ್ ಹಿಡಿದು ಕೂತು, ಹುಡುಗಿಯರು ಹಿಂದೆ ನಿಂತು ನೋಡಬೇಕಾದೀತು.

ನಡುವೆ ಏನೋ ಓಡುವುದಿಲ್ಲ, ನಿನಗೂ ಕಾರಣ ತಿಳಿಯುವುದಿಲ್ಲ. ‘ನನಗೂ ಗೊತ್ತಿಲ್ಲ, ನೋಡೋಣ ಬರ್ರಿ’ ಎಂದು ಪಕ್ಕ ಕೂತುಬಿಡು. ಗಣಿತದ ಟೀಚರ್ ತಪ್ಪು ಹುಡುಕುವುದನ್ನು ಮಕ್ಕಳು ಕಣ್ಣಾರೆ ನೋಡುವುದು ಅಪರೂಪ. ಅವರು ಕಲಿಯಬೇಕಾದದ್ದೂ ಅದನ್ನೇ.

ಇನ್ನು ಸಭೆಯಲ್ಲಿ ಎದ್ದು ನಿಂತವರ ಮಾತು. ಅವರ ಚಿಂತೆ ಸುಳ್ಳಲ್ಲ. ಹೊಲದಿಂದ ಬಂದಾಗ ಮಗ ಮೊಬೈಲಿನಿಂದ ತಲೆ ಎತ್ತದಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ. ವಾದಿಸಬೇಡ. ಮುಂದಿನ ಸಭೆಗೆ ಅವರ ತಾಯಿಯನ್ನೂ ಕರೆಸು. ಆಕೆ ಒಂದು ಕಡೆ, ಮೊಮ್ಮಗ ಇನ್ನೊಂದು ಕಡೆ ಕೂತು ಮೊಮ್ಮಗ ಮಾಡಿದ ಕವಡಿಯಲ್ಲಿ ಒಂದಾಟ ಆಡಲಿ.

ನಾಳೆ ಬೀರುವಿನಿಂದ ಡಬ್ಬಿ ತೆಗೆ, ತಂಗಿ. ಹೋಗುವಾಗ ಅಡುಗೆಮನೆಯಿಂದ ನಾಲ್ಕು ಹುಣಸೆಬೀಜ ಸೆರಗಿಗೆ ಕಟ್ಟಿಕೊ.