ಪರಸ್ಥಳದಲ್ಲಿ ಊರಿನ ಹಂಬಲ



ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಸುತ್ತಲಿನ ನಮ್ಮ ಸೀಮೆಯಿಂದ ಉದ್ಯೋಗಕ್ಕಾಗಿ ಹೊರಟುಹೋಗುವ ರೂಢಿ ಇಂದು ನಿನ್ನೆಯದಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗವು ತೆರೆದ ಮೇಲೆ ತಾಂಡೂರಿನವರಿಗೆ ಒಂದು ಕಡೆ ಹೈದರಾಬಾದೂ ಮತ್ತೊಂದು ಕಡೆ ಮುಂಬಯಿಯೂ ಹತ್ತಿರವಾದವು. ಜಹೀರಾಬಾದನ್ನು ಹಾದುಹೋಗುವ ಹೆದ್ದಾರಿಯೂ ಪುಣೆ, ಹೈದರಾಬಾದುಗಳ ಕಡೆಗೆ ಜನರನ್ನು ಒಯ್ಯುತ್ತಲೇ ಬಂದಿದೆ. ಈಗಿನ ತರುಣರಲ್ಲಿ ಕೆಲವರು ಕೊಲ್ಲಿ ದೇಶಗಳನ್ನೂ ಅಮೆರಿಕವನ್ನೂ ಮುಟ್ಟಿದ್ದಾರೆ. ಹೀಗೆ ಹೋದವರು ಅಲ್ಲಿ ಏನನ್ನು ನೆನೆದು ಹಂಬಲಿಸುತ್ತಾರೆ, ಆ ಹಂಬಲದಿಂದ ಇಲ್ಲಿ ಓದುತ್ತಿರುವವರು ಕಲಿಯತಕ್ಕದ್ದೇನು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಹಂಬಲಕ್ಕೆ ಹೆಸರು ಬಂದ ಬಗೆ

ಊರಿನ ಹಂಬಲವು ಮನುಷ್ಯನಷ್ಟೇ ಹಳೆಯದು. ಆದರೆ ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಅದಕ್ಕೊಂದು ಹೆಸರು ಬಂದದ್ದು 1688ರಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದ ಯೋಹಾನೆಸ್ ಹೋಫರ್ ಎಂಬಾತನು ತನ್ನ ಪ್ರಬಂಧದಲ್ಲಿ ‘ನಾಸ್ಟಾಲ್ಜಿಯ’ ಎಂಬ ಶಬ್ದವನ್ನು ಕಟ್ಟಿದನು. ಗ್ರೀಕ್ ಭಾಷೆಯಲ್ಲಿ ‘ನೋಸ್ಟೋಸ್’ ಎಂದರೆ ಮನೆಗೆ ಹಿಂದಿರುಗುವುದು, ‘ಆಲ್ಗೋಸ್’ ಎಂದರೆ ನೋವು. ಮನೆ ಬಿಟ್ಟು ದೂರವಿರುವವರಿಗೆ ಊಟ ಸೇರದೆ, ನಿದ್ರೆ ಹತ್ತದೆ ಮೈ ಸೊರಗುವುದನ್ನು ಕಂಡು ಆತನು ಇದನ್ನು ರೋಗವೆಂದೇ ಎಣಿಸಿದನು. ಇಂದು ಇದನ್ನು ಯಾರೂ ರೋಗವೆನ್ನುವುದಿಲ್ಲ. ಪ್ರೀತಿಯಿದ್ದಲ್ಲಿ ಅಗಲಿಕೆಯ ನೋವೂ ಇರತಕ್ಕದ್ದೇ.

2. ಒಂದು ಹಳೆಯ ನಿದರ್ಶನ

ಕನ್ನಡಿಗರಿಗೆ ಈ ವಿಷಯದಲ್ಲಿ ಬಾಸೆಲ್ ನಗರದವರೆಗೆ ಹೋಗುವ ಅಗತ್ಯವಿಲ್ಲ. ನಮ್ಮ ಆದಿಕವಿ ಪಂಪನು ವೇಮುಲವಾಡದ ಚಾಲುಕ್ಯ ಅರಸನಾದ ಎರಡನೆಯ ಅರಿಕೇಸರಿಯ ಆಶ್ರಯದಲ್ಲಿದ್ದು ಕ್ರಿ.ಶ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ವೇಮುಲವಾಡವಿರುವುದು ಇಂದಿನ ತೆಲಂಗಾಣದ ರಾಜನ್ನ ಸಿರಿಸಿಲ್ಲ ಜಿಲ್ಲೆಯಲ್ಲಿ. ಕಾವ್ಯದಲ್ಲಿ ಅರ್ಜುನನು ದೇಶಾಟನ ಮಾಡುತ್ತ ಬನವಾಸಿಗೆ ಬಂದಾಗ, ಆ ನಾಡಿನ ಮೇಲೆ ಕವಿಗಿದ್ದ ಮೋಹವೆಲ್ಲ ಹೊರಹೊಮ್ಮುತ್ತದೆ. ಅಲ್ಲಿ ಅವನು ನೆನೆಯುವುದು ಕೋಟೆ ಕೊತ್ತಲಗಳನ್ನಲ್ಲ, ಬೀಸುವ ಗಾಳಿ, ಅರಳುವ ಹೂವು, ಕಿವಿಗಿಂಪಾದ ಹಾಡು, ಒಳ್ಳೆಯ ಮಾತುಗಳಂತಹ ಸಣ್ಣ ಸುಖಗಳನ್ನು. ರಾಜಸಭೆಯ ಗೌರವವೆಲ್ಲ ಇದ್ದವನಿಗೂ ಇವುಗಳ ನೆನಪು ತಪ್ಪಲಿಲ್ಲ.

ಪಂಪನ ತಮ್ಮನಾದ ಜಿನವಲ್ಲಭನು ಅದೇ ಸೀಮೆಯ ಕುರ್ಕ್ಯಾಲದ ಬಳಿ ಬೊಮ್ಮಲಗುಟ್ಟದ ಬಂಡೆಯ ಮೇಲೆ ಶಾಸನವೊಂದನ್ನು ಬರೆಸಿದ್ದಾನೆ. ಅದು ಸಂಸ್ಕೃತ, ಕನ್ನಡ, ತೆಲುಗು ಈ ಮೂರು ಭಾಷೆಗಳಲ್ಲಿದೆ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಇದನ್ನು ಮರೆಯಬಾರದು. ತೆಲುಗನ್ನು ಚೆನ್ನಾಗಿ ಕಲಿಯುವುದರಿಂದ ಕನ್ನಡಕ್ಕೆ ಕೊರತೆಯಾಗದು. ಕನ್ನಡವನ್ನು ಬಿಟ್ಟುದರಿಂದ ತೆಲುಗಿಗೆ ಲಾಭವೂ ಆಗದು.

3. ಹೋದವರು ನೆನೆಯುವುದೇನನ್ನು?

ರಜೆಗೆಂದು ಊರಿಗೆ ಬರುವ ಹಳೆಯ ವಿದ್ಯಾರ್ಥಿಗಳೊಡನೆ ಮಾತನಾಡುವಾಗ ನಾವು ಕಂಡುಕೊಂಡ ಸಂಗತಿಯೆಂದರೆ, ಅವರ ಹಂಬಲವೂ ಸಣ್ಣ ವಸ್ತುಗಳನ್ನೇ ಸುತ್ತುತ್ತಿರುತ್ತದೆ.

ಮೊದಲನೆಯದು ಊಟ. ಹೆಂಚಿನಿಂದ ಆಗಲೇ ಇಳಿದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ತಾಂಡೂರಿನ ತೊಗರಿಯ ಬೇಳೆ. ಈ ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತುದನ್ನು ನೀವು ಬಲ್ಲಿರಿ. ಬೇಳೆಯನ್ನೂ ಹಿಟ್ಟನ್ನೂ ದೂರದೇಶಕ್ಕೆ ಕಳುಹಿಸಬಹುದು. ಆದರೆ ರೊಟ್ಟಿ ಬಡಿಯುವ ಸಪ್ಪಳವನ್ನೂ, ಒಲೆಯ ಮುಂದೆ ಕುಳಿತು ಬಿಸಿಬಿಸಿಯಾಗಿ ಬಡಿಸುವ ಕೈಯನ್ನೂ ಕಳುಹಿಸಲಾಗದು.

ಎರಡನೆಯದು ವಾಸನೆ. ನಮ್ಮ ಎರೆಭೂಮಿಯ ಮೇಲೆ ಮುಂಗಾರಿನ ಮೊದಲ ಹನಿ ಬಿದ್ದಾಗ ಏಳುವ ಮಣ್ಣಿನ ಕಂಪನ್ನು ನೆನೆಯದವರಿಲ್ಲ. ಮಣ್ಣಿನಲ್ಲಿರುವ ಕೆಲವು ಸೂಕ್ಷ್ಮಜೀವಿಗಳು ಉತ್ಪಾದಿಸುವ ಜಿಯೋಸ್ಮಿನ್ ಎಂಬ ದ್ರವ್ಯವು ಈ ಕಂಪಿಗೆ ಒಂದು ಮುಖ್ಯ ಕಾರಣ. 1964ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳಾದ ಇಸಾಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬವರು ಒಣ ನೆಲಕ್ಕೆ ಮಳೆ ಬಿದ್ದಾಗಿನ ಈ ಕಂಪಿಗೆ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ವಾಸನೆಯಿಂದ ನೆನಪು ಥಟ್ಟನೆ ಏಳುವುದೇಕೆ? ನೋಟ ಮತ್ತು ಶಬ್ದಗಳ ಸಂದೇಶವು ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಸಾಗುತ್ತದೆ. ವಾಸನೆಯ ಸಂದೇಶವಾದರೋ ಆ ಸುತ್ತು ದಾರಿಯಿಲ್ಲದೆ, ಭಾವ ಮತ್ತು ಸ್ಮರಣೆಗಳಿಗೆ ಸಂಬಂಧಿಸಿದ ಭಾಗಗಳಿಗೆ ಬಹು ಸಮೀಪದಿಂದ ತಲುಪುತ್ತದೆ.

ಮೂರನೆಯದು ಹಬ್ಬ. ಎಳ್ಳಮಾವಾಸ್ಯೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲಿ, ಬಂಧುಬಾಂಧವರೊಡನೆ ಭಜ್ಜಿ, ಸಜ್ಜೆಯ ರೊಟ್ಟಿ, ಅಂಬಲಿಗಳನ್ನು ಸವಿಯುವ ದಿನ ಅದು. ಪರದೇಶದಲ್ಲಿ ಆ ದಿನವು ಬರಿಯ ಕೆಲಸದ ದಿನ. ಅಲ್ಲಿನ ಕನ್ನಡಿಗರು ಅನುಕೂಲವಾದ ರವಿವಾರ ಕೂಡಿ ಹಬ್ಬ ಮಾಡುತ್ತಾರೆ. ಅದು ಮೆಚ್ಚತಕ್ಕ ಪ್ರಯತ್ನವೇ ಸರಿ. ಆದರೆ ಹಬ್ಬಕ್ಕೆ ಹೊಲವು ಬೇಕು, ಬೆಳೆದು ನಿಂತ ಜೋಳವು ಬೇಕು.

ನಾಲ್ಕನೆಯದು ಮಾತು. ನಮ್ಮ ಸೀಮೆಯ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಮರಾಠಿ ನಾಲ್ಕೂ ಕೇಳಿಬರುತ್ತವೆ. ಆಸ್ಪತ್ರೆಗೆ ನಾವು ದವಾಖಾನೆಯೆನ್ನುತ್ತೇವೆ, ಪೇಟೆಗೆ ಬಜಾರವೆನ್ನುತ್ತೇವೆ. ಇಲ್ಲಿಂದ ಹೋದವನು ದೂರದ ಊರಿನಲ್ಲಿ ಬೇರೆ ಕಡೆಯ ಕನ್ನಡಿಗರನ್ನು ಕಂಡು ಹಿಗ್ಗುತ್ತಾನೆ. ಆದರೂ ಅವರ ಕನ್ನಡ ಬೇರೆ, ತನ್ನ ಮನೆಯ ಕನ್ನಡ ಬೇರೆಯೆಂದು ಅವನಿಗೆ ತೋರುತ್ತದೆ. ಅವನ ಕಿವಿ ಬಯಸುವುದು ಆ ಸಂತೆಯ ಮಾತನ್ನು, “ಉಂಡಿಯೇನೋ ಯಪ್ಪಾ?” ಎಂದು ಕೇಳುವ ತಾಯಿಯ ಧ್ವನಿಯನ್ನು.

ನೆನಪು ಜರಡಿಯಂತೆ ಸೋಸುತ್ತದೆ ಎಂಬುದನ್ನೂ ಹೇಳಲೇಬೇಕು. ಬೇವಿನ ನೆರಳು ನೆನಪಿನಲ್ಲಿ ಉಳಿಯುತ್ತದೆ. ಬೇಸಗೆಯಲ್ಲಿ ನೀರಿಗಾಗಿ ಕೊಡ ಹೊತ್ತು ನಿಂತದ್ದು ಜಾರಿಹೋಗುತ್ತದೆ. ಊರು ಎಲ್ಲ ವಿಧದಲ್ಲಿಯೂ ಸುಖದ ತಾಣವಾಗಿದ್ದರೆ ಅವರು ಬಿಟ್ಟು ಹೋಗುತ್ತಿರಲಿಲ್ಲ. ಆದಕಾರಣ ಹೋಗುವುದನ್ನು ನಾವು ನಿಂದಿಸುವುದಿಲ್ಲ. ಅವರು ಕಳುಹಿಸುವ ಹಣದಿಂದ ಎಷ್ಟೋ ಮನೆಗಳಲ್ಲಿ ಮಕ್ಕಳ ಓದು ನಡೆಯುತ್ತಿದೆ.

4. ಊರು ಬಿಡದೆಯೇ ಕಲಿತ ಪಾಠ

ಈ ಸೀಮೆಯವರ ಸ್ಥಿತಿಯಲ್ಲಿ ಒಂದು ವಿಶೇಷವುಂಟು. 1956ರ ನವೆಂಬರ್ 1ರವರೆಗೆ ತಾಂಡೂರು ತಾಲೂಕು ಗುಲಬರ್ಗಾ ಜಿಲ್ಲೆಯಲ್ಲಿತ್ತು. ನಾರಾಯಣಖೇಡವೂ ಜಹೀರಾಬಾದೂ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ, ಜಹೀರಾಬಾದ್ ತಾಲೂಕಿನ ನಿರ್ಣಾ ಭಾಗವನ್ನು ಬಿಟ್ಟು ಇವೆಲ್ಲ ಆಂಧ್ರಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಿಂದ ತೆಲಂಗಾಣದಲ್ಲಿವೆ. ನಮ್ಮ ಹಿರಿಯರು ಮನೆಯ ಹೊಸ್ತಿಲನ್ನೂ ದಾಟಲಿಲ್ಲ, ಗಡಿಯೇ ಅವರನ್ನು ದಾಟಿಹೋಯಿತು. ಅಂದಿನಿಂದ ಅವರು ಕಚೇರಿಯಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು ಭಾಷೆಯೆಂದು ನಡೆದುಕೊಂಡು, ಕನ್ನಡವನ್ನು ಪ್ರಯತ್ನಪೂರ್ವಕವಾಗಿ ಉಳಿಸಿಕೊಂಡು ಬಂದಿದ್ದಾರೆ. ಪರದೇಶದ ಕನ್ನಡಿಗರು ಈಗ ಮಾಡಬೇಕಾಗಿರುವುದೂ ಇದನ್ನೇ.

5. ಏನು ತಲುಪುತ್ತದೆ, ಏನು ತಲುಪದು?

ಹಿಂದೆ ಒಂದು ಕಾಗದಕ್ಕಾಗಿ ವಾರಗಟ್ಟಲೆ ಕಾಯಬೇಕಾಗಿತ್ತು. ಈಗ ಮೊಬೈಲಿನಲ್ಲಿ ಮುಖವನ್ನು ನೋಡುತ್ತಲೇ ಮಾತನಾಡಬಹುದು. ರೂಪವೂ ಧ್ವನಿಯೂ ಕ್ಷಣದಲ್ಲಿ ತಲುಪುತ್ತವೆ. ಆದರೆ ಆ ಮೊಬೈಲಿನ ಎದುರು ಅಜ್ಜಿಯೂ ಮೊಮ್ಮಗುವೂ ಕುಳಿತಾಗ ಏನಾಗುತ್ತದೆಂಬುದನ್ನು ಹಲವು ಮನೆಗಳಲ್ಲಿ ನಾವು ಕಂಡಿದ್ದೇವೆ. ಅಜ್ಜಿಗೆ ಕನ್ನಡವಲ್ಲದೆ ಬಾರದು. ಮೊಮ್ಮಗುವಿಗೆ ಕನ್ನಡವೇ ಬಾರದು. ಇಬ್ಬರೂ ಒಂದಿಷ್ಟು ನಗುತ್ತಾರೆ, ಕೈ ಬೀಸುತ್ತಾರೆ, ಅಲ್ಲಿಗೆ ಮುಗಿಯಿತು. ಯಂತ್ರವು ಅಂತರವನ್ನು ಕಳೆಯಿತು, ಆಡುವುದಕ್ಕೆ ಮಾತು ಮಾತ್ರ ಇಲ್ಲವಾಯಿತು. ಊರನ್ನು ಬಿಟ್ಟವನು ಕಳೆದುಕೊಂಡದ್ದು ರೊಟ್ಟಿಯನ್ನು. ಅವನ ಮಗು ಕಳೆದುಕೊಂಡದ್ದು ಅಜ್ಜಿಯನ್ನು. ಮೊದಲನೆಯ ನಷ್ಟವನ್ನು ರಜೆಯಲ್ಲಿ ತುಂಬಿಕೊಳ್ಳಬಹುದು, ಎರಡನೆಯದನ್ನು ತುಂಬಿಕೊಳ್ಳುವುದು ಬಹು ಕಠಿಣ.

ಇದು ಆಗಲೇಬೇಕಾದದ್ದೇನೂ ಅಲ್ಲ. ಮೈಸೂರಿನಲ್ಲಿ 1929ರಲ್ಲಿ ಜನಿಸಿದ ಎ. ಕೆ. ರಾಮಾನುಜನ್ ಅವರು 1962ರಿಂದ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದು, 1993ರಲ್ಲಿ ಅಲ್ಲಿಯೇ ತೀರಿಕೊಂಡರು. ಅಷ್ಟು ದೂರದಲ್ಲಿದ್ದೂ ಅವರು ಕನ್ನಡದಲ್ಲಿ ಕವಿತೆಗಳನ್ನು ಬರೆದರು. ನಮ್ಮ ನೆರೆಯ ಬೀದರ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಬೆಳಗಿದ ಶರಣರ ವಚನಗಳನ್ನು ಇಂಗ್ಲಿಷಿಗೆ ಅನುವಾದಿಸಿ 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಗ್ರಂಥವನ್ನು ಪ್ರಕಟಿಸಿ, ಜಗತ್ತಿನ ಓದುಗರ ಕೈಗಿತ್ತರು. ಅವರಿಗೆ ಇದು ಸಾಧ್ಯವಾದದ್ದು ಎಳೆಯ ವಯಸ್ಸಿನಲ್ಲಿ ಕನ್ನಡವನ್ನು ಆಡುವುದರ ಜೊತೆಗೆ ಓದಿ ಬರೆದು ಬಲ್ಲವರಾಗಿದ್ದುದರಿಂದ. ಹೊರಡುವ ಹಿಂದಿನ ದಿನ ಭಾಷೆಯನ್ನು ಪೆಟ್ಟಿಗೆಯಲ್ಲಿ ತುಂಬಿಕೊಳ್ಳಲು ಬರುವುದಿಲ್ಲ. ಅದನ್ನು ತುಂಬಿಕೊಳ್ಳುವ ಕಾಲ ಶಾಲೆಯ ಕಾಲವೇ.

6. ನಾವು ಮಾಡತಕ್ಕದ್ದು

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಾದರೂ ಮುಂದೆ ಪರಸ್ಥಳಕ್ಕೆ ಹೋಗುವವರೇ. ಹೋಗಿ, ಕೀರ್ತಿಯನ್ನು ಗಳಿಸಿರಿ. ಆದರೆ ಈಗ ನಿಮ್ಮ ಕಣ್ಣೆದುರಿಗಿರುವುದರ ಹೆಸರನ್ನು ಅರಿತುಕೊಳ್ಳಿರಿ. ಹೊಲದ ಬೆಳೆ, ಬದುವಿನ ಸೊಪ್ಪು, ಒಕ್ಕಲುತನದ ಸಾಮಾನು, ಮಂಜೀರಾ ಮತ್ತು ಕಾಗಿಣಾ ನದಿಗಳ ದಂಡೆಯ ಹಕ್ಕಿ, ಇವುಗಳ ಹೆಸರನ್ನು ಹಿರಿಯರಿಂದ ಕೇಳಿ ಬರೆದಿಡಿರಿ. ಹೆಸರು ತಿಳಿಯದ ವಸ್ತುವು ಬೇಗನೆ ಮರೆತುಹೋಗುತ್ತದೆ.

ಪಾಲಕರೇ, ಕನ್ನಡ ಶಾಲೆಯಲ್ಲಿ ಓದಿದರೆ ಮಗ ಎಲ್ಲಿಗೂ ಹೋಗಲಾರನು ಎಂದು ಕೆಲವರು ಅಂಜುತ್ತಾರೆ. ಇಂಗ್ಲಿಷನ್ನೂ ತೆಲುಗನ್ನೂ ಅವನು ಶ್ರಮವಹಿಸಿ ಕಲಿಯಲಿ. ಅದರಲ್ಲಿ ನಾವು ಸಡಿಲ ಬಿಡುವುದಿಲ್ಲ. ಆದರೆ ಹೋಗುವ ದಾರಿಯನ್ನು ಮಾತ್ರ ಕಲಿಸಿ ತಿರುಗಿ ಬರುವ ದಾರಿಯನ್ನು ಕಲಿಸದಿದ್ದರೆ, ಮುಂದೊಂದು ದಿನ ಮೊಬೈಲಿನ ಎದುರು ಮಾತಿಲ್ಲದೆ ಕುಳಿತುಕೊಳ್ಳುವ ಅಜ್ಜ ಅಜ್ಜಿಯರು ನೀವೇ ಆಗುವಿರಿ. ದೂರದಲ್ಲಿರುವ ಮಗನಿಗೂ ಸೊಸೆಗೂ ಮೊಮ್ಮಕ್ಕಳಿಗೂ ಕನ್ನಡದಲ್ಲಿಯೇ ಮಾತನಾಡಿರಿ. ತಿಂಗಳಿಗೊಮ್ಮೆಯಾದರೂ ನಾಲ್ಕು ಸಾಲು ಕೈಬರಹದ ಕಾಗದವನ್ನು ಕಳುಹಿಸಿರಿ. ಅಕ್ಷರ ಬಾರದ ಹಿರಿಯರಿದ್ದರೆ ಅವರು ಹೇಳಲಿ, ಶಾಲೆಗೆ ಹೋಗುವ ಮಗುವು ಬರೆಯಲಿ. ಇದರಿಂದ ಹೋದವನಿಗೆ ಊರು ತಲುಪುತ್ತದೆ, ಇರುವವನಿಗೆ ಅಕ್ಷರ ಬಲಿಯುತ್ತದೆ.

ಅಭ್ಯಾಸ

(ಅ) ‘ನಾಸ್ಟಾಲ್ಜಿಯ’ ಎಂಬ ಶಬ್ದದ ಅರ್ಥವನ್ನು ಬಿಡಿಸಿ ಬರೆಯಿರಿ.
(ಆ) ವೇಮುಲವಾಡದಲ್ಲಿದ್ದ ಪಂಪನು ಬನವಾಸಿಯ ಯಾವ ಬಗೆಯ ಸುಖಗಳನ್ನು ನೆನೆದನು? ಅವುಗಳಲ್ಲಿ ಕಳುಹಿಸಲು ಬರುವಂತಹದು ಯಾವುದಾದರೂ ಇದೆಯೇ?
(ಇ) ನಿಮ್ಮ ಮನೆಯಲ್ಲಿ ದಿನವೂ ಬಳಸುವ, ಆದರೆ ಪುಸ್ತಕದಲ್ಲಿ ಕಾಣದ ಇಪ್ಪತ್ತು ಶಬ್ದಗಳನ್ನು ಹಿರಿಯರಿಂದ ಕೇಳಿ ಪಟ್ಟಿಮಾಡಿರಿ.
(ಈ) ಪರಸ್ಥಳದಲ್ಲಿರುವ ಬಂಧುವೊಬ್ಬರಿಗೆ ಊರಿನ ಈ ವರ್ಷದ ಮಳೆ, ಬೆಳೆ, ಹಬ್ಬಗಳ ಸುದ್ದಿಯನ್ನು ತಿಳಿಸುವ ಕಾಗದವನ್ನು ಬರೆದು, ಗುರುಗಳಿಗೆ ತೋರಿಸಿದ ಮೇಲೆ ನಿಜವಾಗಿಯೂ ಅಂಚೆಗೆ ಹಾಕಿರಿ.